ನೂರಕ್ಕೊಂದು ಚುಕ್ಕಿ

ಒಂದು ಚುಕ್ಕಿಗೆ ನೂರು ಜನ.
ಐವತ್ತೆರಡರ ಗಣತಿಯ ನಕ್ಷೆಗೆ ಇದ್ದದ್ದು ಇದೊಂದೇ ಕಾನೂನು.
ಸಾಂತಿಯಾಗೊ, ನಾಲ್ಕನೇ ಮಹಡಿ,
ತೆಂಕಣ ಕಿಟಕಿಯ ಹದವಾದ ಬೆಳಕು,
ಗುಬ್ಬಿಕೊಕ್ಕಿನಂಥ ನಿಬ್ಬು,
ಮಸಿ ಒರೆಸಲು ನನ್ನದೇ ಹಳೆಯ ಲಂಗದ ತುಂಡು.

ನಗರ ಬರೆಯುವುದು ಸುಲಭ ಅಂದುಕೊಳ್ಳುತ್ತಾರೆ.
ಎಳ್ಳು ಚೆಲ್ಲಿದ ಹಾಗೆ ಶುರುವಾಗಿ
ಕೊನೆಗೆ ಒಂದೇ ಕಪ್ಪು ಕೆರೆ.
ನನ್ನ ಬೀದಿ, ನನ್ನ ಅಮ್ಮ,
ತಿಂಗಳ ಮೊದಲಿಗೇ ಬಾಡಿಗೆ ಕೇಳಲು ಬರುವವನು,
ಎಲ್ಲರೂ ಮುಳುಗಿದರು ಅದರೊಳಗೆ.
ಬಡಗಣ ಮರಳುಗಾಡಿನಲ್ಲಿ ಮಾತ್ರ ಕೈಗೆ ಬಿಡುವು:
ಒಂದು ಗಣಿ, ಒಂದು ಚುಕ್ಕಿ,
ಆಮೇಲೆ ಗೇಣುದ್ದ ಬರೀ ಹಾಳೆ.

ದೋನ್ ಬಾಲ್ತಸಾರ್‌ಗೆ ಚುಕ್ಕಿಗಳೆಂದರೆ ಅಷ್ಟಕ್ಕಷ್ಟೆ.
ಪ್ರಾಂತ್ಯಕ್ಕೊಂದು ಬಣ್ಣ ಬಳಿ, ಎನ್ನುತ್ತಿದ್ದರು,
ಹೆಚ್ಚಿದ್ದರೆ ಕಡುಗೆಂಪು, ಕಮ್ಮಿಯಿದ್ದರೆ ಗುಲಾಬಿ,
ಊಟದ ಹೊತ್ತಿಗೆ ಮುಗಿಯುತ್ತೆ.
ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಜನ ಇರೋದಿಲ್ಲ ಅಂದೆ.
ಹಾಗೆ ಬಳಿದರೆ ಹಿಮನದಿಯ ಮೇಲೂ ಗುಲಾಬಿ.
ಅವರು ಗಡಿಯಾರ ನೋಡಿಕೊಂಡರು.

ಚಿಲೊಯೆಯ ಮಗ್ಗುಲಿನ ಐದು ನಡುಗಡ್ಡೆ
ನನ್ನ ಮೇಜಿಗೆ ಬಂದದ್ದು ಜುಲೈಯಲ್ಲಿ.
ತೆಪುಲ್ ಮೂವತ್ತೊಂದು, ಮಿಲ್ಯಾವೆ ಇಪ್ಪತ್ತೆರಡು,
ಪುಕೆಲ್ ಹತ್ತೊಂಬತ್ತು, ಕೌವಾಕ್ ಹದಿನಾರು,
ಲಿಂಕೇ ಬರೀ ಒಂಬತ್ತು, ಒಂದೇ ಮನೆ.
ಯಾವುದಕ್ಕೂ ತನ್ನದೆನ್ನುವ ಚುಕ್ಕಿಯ ಯೋಗ್ಯತೆ ಇಲ್ಲ.
ಕೂಡಿಸಿದೆ. ತೊಂಬತ್ತೇಳು.
"ಮೂರು ತಲೆ ಸಾಲ ತಗೋ" ಅಂದರು, ಸಿಗರೇಟು ಕಚ್ಚಿಕೊಂಡೇ.
ತಗೊಂಡೆ. ಯಾರಿಂದ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಐದಕ್ಕೂ ನಡು ಯಾವುದೆಂದು ಕೈವಾರ ಊರಿ ಹುಡುಕಿ
ಚುಕ್ಕಿ ಇಟ್ಟೆ.
ಇಟ್ಟದ್ದು ಕಡಲಲ್ಲಿ.

ಕಾಗದ ಬಂದದ್ದು ಮರುವರ್ಷ,
ಹೊಗೆಗೆ ಒಣಗಿಸಿದ ಚಿಪ್ಪುಮೀನಿನ ವಾಸನೆ ಹೊತ್ತು.
ತೆಪುಲ್ ಶಾಲೆಯ ಟೀಚರ್ ರೊಸಾಲ್ಬಾ, ದುಂಡನೆಯ ಅಕ್ಷರ:
"ನಕ್ಷೆ ಗೋಡೆಗೆ ಹಾಕಿದ್ದೇವೆ. ಮಕ್ಕಳು ನಗುತ್ತಾರೆ.
ನಮ್ಮನ್ನೆಲ್ಲ ನೀರಿಗೆ ಹಾಕಿದ್ದೀರಿ. ದಯವಿಟ್ಟು ತಿದ್ದಿ."
ಅದೇ ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬೇರೆ ಕೈ,
ಅಲೆಯ ಮೇಲೆ ಕೂತು ಬರೆದ ಹಾಗೆ:
"ಟಪಾಲು ದೋಣಿಯ ನಿಕಾನೋರ್ ಮಾನ್ಕಿಲೆಫ್ ನಾನು.
ತಿದ್ದಬೇಡಿ ಅಮ್ಮಾ. ನೀವು ಗುರುತು ಮಾಡಿದ ಕಡೆಯೇ
ಗಣತಿಗೆ ಹನ್ನೆರಡು ದಿನ ಮುಂಚೆ ಆಲೂಗಡ್ಡೆ ದೋಣಿ ಮಗುಚಿತು.
ನನ್ನ ಭಾವ ಲಿಸಾಂದ್ರೊ, ಅವನ ಅಣ್ಣ,
ಮತ್ತೆ ಹನ್ನೊಂದರ ಹುಡುಗ;
ಹೊಸ ಬೂಟು ಒದ್ದೆಯಾದೀತೆಂದು ಕೊರಳಿಗೆ ಕಟ್ಟಿಕೊಂಡಿದ್ದ.
ಹೆಣ ಸಿಕ್ಕಿಲ್ಲ. ಅಕ್ಕ ಮೂವರ ಹೆಸರನ್ನೂ ಬರೆಸಿದಳು.
ಆ ರಾತ್ರಿ ಮನೆಯಲ್ಲಿ ಮಲಗಿದವರು ಮಾತ್ರ
ಅಂತ ಗಣತಿಯವನು ಹೊಡೆದುಹಾಕಿದ.
ನಿಮಗೆ ಹೇಗೆ ಗೊತ್ತಾಯಿತು?"

ಗೊತ್ತಿರಲಿಲ್ಲ.
ಉತ್ತರ ಬರೆಯಲು ಮೂರು ಸಲ ಕೂತೆ.
ಸರಾಸರಿ ಅಂತ ಬರೆಯಲೆ? ಕೈವಾರದ ಮುಳ್ಳು ಅಂತ?
ದೋನ್ ಬಾಲ್ತಸಾರ್ ಮುಂದಿನ ಪುಟವಷ್ಟೇ ಓದಿ
"ಟೀಚರ್ ಹೇಳಿದ್ದು ಸರಿ, ನೆಲಕ್ಕೆ ಎಳಿ" ಅಂದರು.

ಎರಡನೇ ಮುದ್ರಣಕ್ಕೆ ಬ್ಲೇಡು ಹಿಡಿದು ಮಸಿ ಕೆರೆದೆ.
ನಾಲ್ಕು ಮಿಲಿಮೀಟರು ಬಡಗಲಿಗೆ, ತೆಪುಲ್ ಚರ್ಚಿನ ಪಕ್ಕ
ಹೊಸದಾಗಿ ಇಟ್ಟೆ. ಲೆಕ್ಕ ಈಗಲೂ ನೂರೇ.
ಕೆರೆದಲ್ಲಿ ಹಾಳೆ ಈರುಳ್ಳಿ ಪೊರೆಯಷ್ಟಾಗಿತ್ತು.
ಅಚ್ಚಿನಲ್ಲಿ ಅದು ಬೀಳುವುದಿಲ್ಲ.
ಮೂಲ ಹಾಳೆಯನ್ನು ಕಿಟಕಿಗೆ ಹಿಡಿದರೆ
ಅರವತ್ತು ಸಾವಿರ ಕರಿ ಚುಕ್ಕಿಗಳ ಕೆಳಗೆ, ದೂರ, ನೀರಿನಲ್ಲಿ
ಬೆಳ್ಳಗೆ ಒಂದು ಚುಕ್ಕಿ,
ರಾತ್ರಿ ದೋಣಿಯವರು ತಲೆಯೆತ್ತಿ
ದಿಕ್ಕಿಗೆ ನೋಡುತ್ತಾರಲ್ಲ, ಆ ಬಗೆಯದು.